ದಿನವೂ ಅಗೆದ ನೆಲ

ಸುಬೇದಾರ ಗುತ್ತೆಪ್ಪನವರನ್ನು ಮಾತಿಗೆ ಒಪ್ಪಿಸಿದವರು ಅಕ್ಕಿಆಲೂರಿನ ಹುಸೇನಸಾಬರು. ಸೇನೆಯಿಂದ ನಿವೃತ್ತರಾಗಿ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಗೆ ಮರಳಿದವರ ನೆನಪುಗಳನ್ನು ಧ್ವನಿಮುದ್ರಿಸುವ ಕೆಲಸವನ್ನು ೧೯೮೫ರಲ್ಲಿ ವಿಶ್ವವಿದ್ಯಾಲಯದ ನಮ್ಮ ಇತಿಹಾಸ ವಿಭಾಗ ಕೈಗೊಂಡಿತ್ತು. ಸೇನೆಯಲ್ಲಿ ಲಾರಿ ಓಡಿಸಿ ಬಂದಿದ್ದ ಹುಸೇನಸಾಬರು ಆಗ ಅಕ್ಕಿ ಗಿರಣಿಯೊಂದರ ಲಾರಿ ಓಡಿಸುತ್ತಿದ್ದರು. ಧ್ವನಿಮುದ್ರಣ ಯಂತ್ರವನ್ನು ಕಂಡು ನಕ್ಕುಬಿಟ್ಟರು.

"ನನ್ನ ಮಾತು ಹಿಡಕೊಂಡು ಏನ್ ಮಾಡ್ತೀರಿ ಸರ? ನಾ ಬರೇ ಸ್ಟೇರಿಂಗ್ ತಿರುವಿದಾಂವ. ಕಲಸೋ ಉಸ್ತಾದರಿಗೇ ಪಾಠ ಕಟ್ಟಿ ಕೊಡ್ತಿದ್ದ ಮನುಷ್ಯಾ ಒಬ್ಬಾಂವ ಸವಣೂರ ಕಡೆ ಅದಾನ. ಆದ್ರ ಅವನ ಬಾಯಿ ತಗಸೂದಂದ್ರ ಜಂಗು ಹಿಡದ ಕೀಲಿ ತಗದಂಗ."

ಹುಸೇನಸಾಬರ ಮೂಲಕ ಕಳಿಸಿದ ಮೊದಲ ಕೇಳಿಕೆಗೆ ಗುತ್ತೆಪ್ಪನವರು ಆಗುವುದಿಲ್ಲವೆಂದರು. ಎರಡನೆಯದಕ್ಕೆ ಒಂದು ಷರತ್ತು ಹಾಕಿದರು. ಮಾತುಕತೆ ತಮ್ಮ ಮನೆಯಲ್ಲಿ ನಡೆಯಕೂಡದು. ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಲ್ಲಿ, ಸೇನೆಯಲ್ಲಿ ತಮ್ಮ ಬಳಿ ಕಲಿತ ಉಳವಪ್ಪನ ಎದುರಿಗೇ ನಡೆಯಬೇಕು. ತಾವು ಹೇಳುವುದರಲ್ಲಿ ತಪ್ಪಿದ್ದರೆ ಅವನು ಅಲ್ಲೇ ತಿದ್ದಬೇಕು. ತರಬೇತಿ ಕೇಂದ್ರದ ಹೆಸರನ್ನೂ ಅಧಿಕಾರಿಗಳ ಹೆಸರನ್ನೂ ಬರೆಯಬಾರದೆಂದು ಆಮೇಲೆ ಸೇರಿಸಿದರು.

ಉಳವಪ್ಪ ಚಿಕ್ಕೇರೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ನಾವು ತಲುಪಿದಾಗ ಕರೆಂಟ್ ಹೋಗಿತ್ತು. ಜೋಳದ ಬುಟ್ಟಿಗಳು ಸಾಲಾಗಿ ಕಾಯುತ್ತಿದ್ದವು.

"ಬರ್ರಿ ಉಸ್ತಾದರ, ಕುಂದರ್ರಿ. ಸರ, ನೀವೂ ಕುಂದರ್ರಿ. ಕರೆಂಟ್ ಬರೂತನಕ ನಾನೂ ನಿಮ್ಮಂಗ ಪೆನ್ಶನ್‌ದಾಂವನ," ಎಂದ.

ಗುತ್ತೆಪ್ಪನವರದು ಸವಣೂರು ತಾಲ್ಲೂಕಿನ ಎರೆ ಸೀಮೆಯ ಒಂದು ಹಳ್ಳಿ, ನಾಲ್ಕು ಕೂರಿಗೆ ಹೊಲದ ಮನೆತನ. ಮ್ಯಾಟ್ರಿಕ್ ಮುಗಿಸಿ ಸೇನೆ ಸೇರಿ, ಕಲಿಸುವ ಕೆಲಸದಲ್ಲಿ ಮೇಲೇರಿ, ೧೯೭೨ರಲ್ಲಿ ತಮ್ಮ ಕೇಂದ್ರದ ಪಾಠ ತಯಾರಿಸುವ ವಿಭಾಗಕ್ಕೆ ಮುಖ್ಯಸ್ಥರಾದರು. ಅವರ ಕೈಕೆಳಗೆ ಒಬ್ಬ ನಕ್ಷೆಗಾರ, ಒಬ್ಬ ಬಡಗಿ ಮತ್ತು ಇಬ್ಬರು ಹವಾಲ್ದಾರರಿದ್ದರು. ಹಿಂದಿನ ವರ್ಷದ ಯುದ್ಧದಲ್ಲಿ ಗಡಿಯ ಹೊಲಗಳಲ್ಲಿ ಹುಗಿದ ಬಾಂಬುಗಳನ್ನು, ಸೈನಿಕರು ‘ಮೈನು’ ಎನ್ನುವವನ್ನು, ರೈತರು ಮತ್ತೆ ಬಿತ್ತುವ ಮೊದಲು ತೆಗೆಯಬೇಕಾಗಿತ್ತು. ಅದಕ್ಕೆ ಬೇಕಾದ ಆರು ವಾರಗಳ ಪಾಠಕ್ರಮವನ್ನು ರಚಿಸುವ ಹೊಣೆ ಇವರ ಮೇಲೆ ಬಿತ್ತು.

ಬಯಾನು, ನಮೂನಾ, ಅಭ್ಯಾಸ: ಮೊದಲು ಹೇಳುವುದು, ಆಮೇಲೆ ಮಾಡಿ ತೋರಿಸುವುದು, ಕೊನೆಗೆ ಮಾಡಿಸುವುದು. ಸೇನೆಯ ಎಲ್ಲ ಪಾಠಗಳಿಗೂ ಇದೇ ಮೂರು ಮೆಟ್ಟಿಲು. ಹಿಂದಿ ಬಾರದ ತರುಣರು ಬಯಾನಿನಲ್ಲೇ ಎಡವುವುದನ್ನು ಕಂಡಿದ್ದ ಗುತ್ತೆಪ್ಪನವರು ಅದನ್ನು ಆದಷ್ಟು ಕಿರಿದಾಗಿಸಿ ನಮೂನಾವನ್ನು ಬೆಳೆಸಿದರು. ತಯಾರಾದ ಪ್ರತಿಯೊಂದು ಪಾಠವನ್ನೂ ಮೊದಲು ಕೇಂದ್ರದ ಕ್ಷೌರಿಕನಿಗೆ ಕಲಿಸುತ್ತಿದ್ದರು. ಅವನಿಂದ ಮಾಡಲಾಗದ್ದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಬಡಗಿ ಮಾಡಿದ ಮರದ ಮೈನುಗಳನ್ನು ಬೆಳಿಗ್ಗೆ ಹವಾಲ್ದಾರರು ಕೇಂದ್ರದ ಬಾವಿಯ ಪಕ್ಕದ ನೆಲದ ಪಟ್ಟಿಯಲ್ಲಿ ಹುಗಿಯುತ್ತಿದ್ದರು, ಮಧ್ಯಾಹ್ನ ತಂಡ ಅವನ್ನು ಹುಡುಕಿ ತೆಗೆಯುತ್ತಿತ್ತು. ಮೊದಲು ಕಣ್ಣಿನಿಂದ ನೆಲ ನೋಡುವುದು, ಆಮೇಲೆ ಕಬ್ಬಿಣದ ಸಳಿಯನ್ನು ಓರೆಯಾಗಿ ಚುಚ್ಚುವುದು, ಕೊನೆಗೆ ಕೈಯಿಂದ ಮಣ್ಣು ಬಿಡಿಸುವುದು ಕ್ರಮ. ಮೊದಲ ತಂಡದಿಂದಲೇ ಎಲ್ಲರೂ ತೇರ್ಗಡೆಯಾದರು. ಬೇರೆ ಕೇಂದ್ರಗಳು ಆ ಪಾಠಕ್ರಮವನ್ನು ತರಿಸಿಕೊಂಡವು.

"ಇಂವಾ ಇದ್ದನಲ್ಲ," ಎಂದು ಗುತ್ತೆಪ್ಪನವರು ಉಳವಪ್ಪನನ್ನು ತೋರಿಸಿದರು, "ಒಂದೂ ಬಿಡತಿದ್ದಿಲ್ಲ. ಸಳಿ ನೆಲಕ್ಕ ತಾಗೂಕಿಂತ ಮೊದಲ ಬಟ್ಟು ಮಾಡಿ ತೋರಸ್ತಿದ್ದ. ಬ್ಯಾರೆ ತಂಡದವರಿಗೆ ನಮೂನಾಕ್ಕಂತ ಇವನ್ನ ನಿಂದರಸ್ತಿದ್ದೆ."

"ಹೌದ್ರಿ, ಸಂತ್ಯಾಗಿನ ಹೋರಿ ನಿಂದರಿಸಿದಂಗ," ಎಂದ ಉಳವಪ್ಪ. "ಹಲ್ಲು ನೋಡೂದೊಂದ ಬಾಕಿ ಇತ್ತು."

೧೯೭೩ರ ಮೇ ತಿಂಗಳಲ್ಲಿ ಗುತ್ತೆಪ್ಪನವರು ರಜೆಯ ಮೇಲೆ ಊರಿಗೆ ಬಂದರು. ಎರೆ ಸೀಮೆಯಲ್ಲಿ ಜೋಳವನ್ನು ಕಾಪಿಡುವುದು ಹಗೇವಿನಲ್ಲಿ: ಮನೆಯ ಮುಂದೆ ಆಳದ ಗುಂಡಿ ತೋಡಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಎಳೆದು ನೆಲಕ್ಕೆ ಸಮ ಮಾಡುತ್ತಾರೆ. ಇವರ ಮನೆಯ ಮುಂದಿನ ಹಗೇವನ್ನು ಮೂರು ವರ್ಷದ ಹಿಂದೆ ಮುಚ್ಚಿದ ಅಣ್ಣ ಫಕ್ಕೀರಪ್ಪ ತೀರಿಕೊಂಡಿದ್ದ. ಗುರುತಿನ ಕಲ್ಲನ್ನು ಯಾರೋ ದನದ ಗೂಟಕ್ಕೆ ಕಿತ್ತಿದ್ದರು. ಬಾಯಿ ಎಲ್ಲಿದೆಯೆಂದು ಮನೆಯವರಿಗೆ ತಿಳಿಯದಾಯಿತು.

"ಮಿಲ್ಟ್ರಿಯಾಗ ಹುಗದದ್ದು ಹುಡುಕೂದು ಕಲಸ್ತೀಯಂತಲ್ಲೋ," ಎಂದು ತಾಯಿ ಅಡಿವೆವ್ವ ಕೆಣಕಿದರಂತೆ. "ಹುಡುಕು ನೋಡೂಣು. ನಿನ್ನ ಪಗಾರಾ ಹಲಾಲ ಆಗಲಿ."

ಅವರು ಅಂಗಳವನ್ನು ತಮ್ಮದೇ ಪಾಠದ ಕ್ರಮದಲ್ಲಿ ನೋಡುತ್ತ ನಡೆದರು. ಮೂರು ಮಳೆಗಾಲ ಕಳೆದಿದ್ದವು, ದನ ತುಳಿದಿದ್ದವು. ನೆಲ ಎಲ್ಲ ಕಡೆ ಒಂದೇ ಬಣ್ಣ, ಒಂದೇ ಗಟ್ಟಿ. ಕೊನೆಗೆ ಮನೆಮಂದಿಯೆಲ್ಲ ಸರದಿಯಂತೆ ಹಾರೆಯಿಂದ ನೆಲ ಕುಟ್ಟುತ್ತ, ಪೊಳ್ಳು ಸದ್ದಿಗೆ ಕಿವಿಗೊಡುತ್ತ ಹೊತ್ತೇರುವತನಕ ಹುಡುಕಿದ ಮೇಲೆ ಬಾಯಿ ಸಿಕ್ಕಿತು. "ಈ ವರ್ಷ ಮುಚ್ಚಿದ್ದಾಗಿದ್ರ ಕುರುಡಗೂ ಕಾಣತಿತ್ತು," ಎಂದು ಅಡಿವೆವ್ವ ಗೊಣಗಿದರು.

ಗುತ್ತೆಪ್ಪನವರು ಅಂದೇ ಸಂಜೆ ಟ್ರಂಕು ಕಟ್ಟಿದರು. ಬಾವಿಯ ಪಕ್ಕದ ಪಟ್ಟಿಯಲ್ಲಿ ಅವರ ತಂಡಗಳು ಇಷ್ಟು ದಿನ ಹುಡುಕಿದ್ದು ಮೈನುಗಳನ್ನಲ್ಲ, ಅದೇ ದಿನ ಅಗೆದ ಸಡಿಲ ಮಣ್ಣನ್ನು. ಕಣ್ಣೇ ಎಲ್ಲವನ್ನೂ ತೋರಿಸಿಬಿಡುತ್ತಿದ್ದುದರಿಂದ ಸಳಿಯನ್ನು ಯಾರೂ ನಂಬಿ ಚುಚ್ಚಿರಲಿಲ್ಲ. ಪಾಠದಲ್ಲಿದೆಯೆಂದು ಚುಚ್ಚಿದ್ದರು, ಅಷ್ಟೆ. ಗಡಿಯ ಮೈನುಗಳ ಮೇಲಾದರೋ ಮಳೆಗಾಲ ಕಳೆದು ಹುಲ್ಲು ಬೆಳೆದಿತ್ತು.

ಅವರು ಕೇಂದ್ರಕ್ಕೆ ಮರಳುವಷ್ಟರಲ್ಲಿ ಉಳವಪ್ಪನ ತಂಡ ಗಡಿಗೆ ಹೊರಟುಹೋಗಿತ್ತು. ಮೇಲಧಿಕಾರಿಯನ್ನು ಕಂಡು ಎರಡು ಬೇಡಿಕೆ ಇಟ್ಟರು. ಹೋದ ತಂಡವನ್ನು ಹಿಂದಕ್ಕೆ ಕರೆಸಬೇಕು. ಒಂದು ಪಟ್ಟಿಯಲ್ಲಿ ಹುಗಿದ ಮೇಲೆ ಒಂದು ಮಳೆಗಾಲ ಅದನ್ನು ಮುಟ್ಟದೆ ಬಿಟ್ಟು, ಆಮೇಲೆ ಅದರ ಮೇಲೆ ಕಲಿಸಬೇಕು. ಅಧಿಕಾರಿ ಕೆಟ್ಟವರಾಗಿರಲಿಲ್ಲವೆಂದು ಗುತ್ತೆಪ್ಪನವರು ಮತ್ತೆ ಮತ್ತೆ ಹೇಳಿದರು. ಚಹಾ ತರಿಸಿ, ಪೂರ್ತಿ ಕೇಳಿ, ನೆಲದ ನಕ್ಷೆ ಬಿಡಿಸಿ ನೋಡಿದರಂತೆ. ತಿಂಗಳು ತಿಂಗಳು ತಂಡ ಬರುತ್ತದೆ, ಬೀಳುಬಿಡಲು ನೆಲ ಎಲ್ಲಿದೆ? ಗಡಿಯ ರೈತರು ಬಿತ್ತನೆಗೆ ಕಾದಿದ್ದಾರೆ, ತಂಡವನ್ನು ಕರೆಸುವುದು ಹೇಗೆ? "ಎಲ್ಲರೂ ಪಾಸಾಗುವ ಪಾಠ ಕೆಟ್ಟದ್ದೆಂದು ನಾನು ಮೇಲಕ್ಕೆ ಏನೆಂದು ಬರೆಯಲಿ, ಸುಬೇದಾರ ಸಾಹೇಬ?" ಎಂದು ಕೇಳಿದರಂತೆ.

ಉಳಿದಿದ್ದು ಒಂದೇ ದಾರಿ. ಆ ಕೇಂದ್ರದಿಂದ ಗಡಿಗೆ ಸಾಮಾನು ಒಯ್ಯುತ್ತಿದ್ದ ಲಾರಿಯ ಚಾಲಕರು ಇದೇ ಹುಸೇನಸಾಬರು. ಅವರ ಬಾಯಲ್ಲಿ ಉಳವಪ್ಪನಿಗೆ ಕನ್ನಡದಲ್ಲಿ ಮಾತು ಹೇಳಿ ಕಳಿಸಿದರು: ಕಣ್ಣ ನಂಬಬ್ಯಾಡ, ಸಳಿ ಚುಚ್ಚಿ ಮುಂದಕ ಹೋಗು, ಉಳಿದವರಿಗೂ ಹೇಳು.

ಮಾತು ತಲುಪಿತು. ಹುಸೇನಸಾಬರು ಅದನ್ನು ಎರಡು ಸಲ ಹೇಳಿದರು, ಉಳವಪ್ಪ ಕೇಳಿ ನಕ್ಕ. ಚಿಕ್ಕೇರೂರಿನ ಗಿರಣಿಯಲ್ಲಿ ಆ ನಗುವಿನ ಪ್ರಸ್ತಾಪ ಬಂದಾಗ ಅವನು ಅಲ್ಲಗಳೆಯಲಿಲ್ಲ.

"ನಕ್ಕಿದ್ದು ಖರೆ. ಆದ್ರ ಮಾಡೂದನ್ನೂ ಮಾಡಿದ್ನಿರಿ. ಮೊದಮೊದಲ ಗೇಣಿಗೊಮ್ಮೆ ಚುಚ್ಚಿದೆ. ನಮ್ಮ ಸಾಲು ಹಿಂದ ಬಿತ್ತು. ‘ಏನಲೇ, ನಮೂನಾದ ಹೋರಿ ಕುಂಟಾಕತ್ತೈತಿ’ ಅಂತ ದೋಸ್ತರು ನಗಾಕತ್ರು. ಹವಾಲ್ದಾರ ಒದರಿದ. ಆಮ್ಯಾಲ ಕಣ್ಣು ತನ್ನ ಕೆಲಸಾ ತಾ ಹಿಡೀತು. ಇಲ್ಲಿ ಏನೂ ಇಲ್ಲ ಅಂತು, ಕಾಲಿಟ್ಟೆ."

ಗುತ್ತೆಪ್ಪನವರು ನೆಲ ನೋಡುತ್ತಿದ್ದರು. ಉಳವಪ್ಪ ಅವರ ಕಡೆ ತಿರುಗಿದ.

"ಉಸ್ತಾದರ, ಸಳಿ ನಂಬಂತ ನೀವು ಒಂದ ದಿನಾ ಹೇಳಿ ಕಳಿಸಿದ್ರಿ. ಕಣ್ಣ ನಂಬಂತ ಆರು ವಾರ ಕಲಿಸಿದ್ರಿ. ಕಾಲು ಯಾವ್ದನ್ನ ಕೇಳಬೇಕ್ರಿ?"

ಕರೆಂಟ್ ಬಂದು ಗಿರಣಿ ಶುರುವಾಯಿತು.

ಮುಂದಿನ ಆರು ವರ್ಷ ಗುತ್ತೆಪ್ಪನವರು ಪಾಠಕ್ರಮವನ್ನು ಬದಲಿಸಲು ಹೆಣಗಿದರು. ಬೀಳು ನೆಲ ಸಿಗದಿದ್ದರೆ ನೀರು ಹಾಯಿಸಿ, ರೋಲರ್ ಉರುಳಿಸಿ ಗಟ್ಟಿ ಮಾಡಿಕೊಡಿರೆಂದು ಕೇಳಿದರು. ಒಂದು ತಂಡಕ್ಕೆ ಹಾಗೆ ಕಲಿಸಲು ಅನುಮತಿಯೂ ಸಿಕ್ಕಿತು. ಅರ್ಧ ತಂಡ ನಪಾಸಾಯಿತು. ಪಾಠ ಕಠಿಣವಾಗಿದೆ, ಕಲಿಸುವವರಲ್ಲಿ ದೋಷವಿದೆ ಎಂಬ ಷರಾ ಬಂತು. ಮತ್ತೆ ಹಳೆಯ ಕ್ರಮವೇ ನಿಂತಿತು. ‘ನೆಲ ಗಟ್ಟಿಯಿದ್ದಲ್ಲಿ ವಿಶೇಷ ಎಚ್ಚರ’ ಎಂಬ ಒಂದು ವಾಕ್ಯವನ್ನು ಮಾತ್ರ ಬಯಾನಿಗೆ ಸೇರಿಸಲು ಅವರಿಗೆ ಸಾಧ್ಯವಾಯಿತು. ಬಯಾನನ್ನು ಯಾರೂ ಗಮನವಿಟ್ಟು ಕೇಳದಂತೆ ಪಾಠ ಕಟ್ಟಿದವರು ಅವರೇ. ೧೯೭೯ರಲ್ಲಿ ನಿವೃತ್ತರಾದರು. ಊರಿನಿಂದಲೂ ಬರೆಯುತ್ತ ಹೋದರು. ಎರಡು ಸಲ ಧನ್ಯವಾದದ ಉತ್ತರ ಬಂತು, ಆಮೇಲೆ ಅದೂ ನಿಂತಿತು.

ಅಮಾವಾಸ್ಯೆಗೊಮ್ಮೆ ಬಸ್ಸು ಬದಲಿಸುತ್ತ ಚಿಕ್ಕೇರೂರಿಗೆ ಹೋಗುವುದನ್ನು ಮಾತ್ರ ಅವರು ಬಿಡಲಿಲ್ಲ. ಉಳವಪ್ಪನ ಹೆಂಡತಿ ಹೊನ್ನವ್ವ ಬಾಗಿಲಲ್ಲೇ ಕೇಳುವರು: "ಅದನ್ನ ತಿದ್ದಿದ್ರೇನ್ರಿ?"

"ಇನ್ನೂ ಇಲ್ಲ ತಂಗಿ."

"ಚಾ ಮಾಡ್ತೇನಿ, ಕುಂದರ್ರಿ," ಎಂದು ಒಳಗೆ ಹೋಗುವರು. ಅದಕ್ಕಿಂತ ಹೆಚ್ಚಿನ ಮಾತು ಅವರಿಬ್ಬರ ನಡುವೆ ನಡೆದದ್ದನ್ನು ನಾನು ಕೇಳಿಲ್ಲ.

ಕೊನೆಯ ಧ್ವನಿಮುದ್ರಣ ೧೯೮೭ರ ಜುಲೈನಲ್ಲಿ, ಗುತ್ತೆಪ್ಪನವರ ಮನೆಯಲ್ಲೇ ನಡೆಯಿತು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಮಲ್ಲಿಕಸಾಬನೆಂಬ ಸೈನಿಕ ಅದೇ ಕೇಂದ್ರದಲ್ಲಿ ತರಬೇತಿ ಮುಗಿಸಿ ರಜೆಗೆ ಬಂದಿದ್ದ. ಹಳೆಯ ಸುಬೇದಾರರಿಗೆ ಸಲಾಂ ಹೇಳಿ ಹೋಗಲು ಬಂದಿದ್ದ. ಗುತ್ತೆಪ್ಪನವರು ಅವನ ಊಟ, ಪಗಾರ ಯಾವುದನ್ನೂ ವಿಚಾರಿಸಲಿಲ್ಲ.

"ಮೈನು ಎಲ್ಲಿ ಹುಡುಕಿದ್ರೆಪಾ?"

"ಬಾವಿ ಬಾಜೂಕಿನ ಪಟ್ಟಿಯೊಳಗ್ರಿ."

"ಹುಗಿಯೂದು ಯಾವಾಗ?"

"ಮುಂಜಾನಿ ಹುಗೀತಿದ್ರು, ಮಧ್ಯಾಹ್ನ ನಾವು ತಗೀತಿದ್ವಿ. ಭಾಳ ಸಸಾರ ಐತ್ರಿ ಸಾಬ. ಸಳಿ ಹಚ್ಚೂದ ಬ್ಯಾಡ, ನೋಡಿದ್ರ ತಿಳೀತೈತಿ."

ಅವನು ಇದನ್ನು ಹೆಮ್ಮೆಯಿಂದ ಹೇಳಿದ. ಗುತ್ತೆಪ್ಪನವರು ಅವನನ್ನು ಕೂರಿಸಿಕೊಂಡು, ಗಟ್ಟಿ ನೆಲ, ಮಳೆ, ಸಳಿ ಎಲ್ಲವನ್ನೂ ವಿವರಿಸಿದರು. ಅವನು ಮರ್ಯಾದೆಯಿಂದ ತಲೆಯಾಡಿಸುತ್ತ ಕೇಳಿ, ಕಡೆಯ ಬಸ್ಸು ತಪ್ಪೀತೆಂದು ಎದ್ದ. ಅವನು ಹೋದ ಮೇಲೆ ಗುತ್ತೆಪ್ಪನವರು ಯಂತ್ರವನ್ನು ನಿಲ್ಲಿಸಲು ಹೇಳಿದರು. ಮಲ್ಲಿಕಸಾಬನ ತಂಡದ ಪರೀಕ್ಷೆಯ ತಾರೀಖು ಮಾತ್ರ ದಾಖಲೆಗೆ ಸೇರಲಿ, ತಮ್ಮ ಮಾತು ಬೇಡವೆಂದರು. ಅದರಂತೆ ಸೇರಿಸಿದ್ದೇನೆ.

೧೯೮೭ರ ಜೂನ್ ೨೦, ಶನಿವಾರ: ಬೆಳಿಗ್ಗೆ ಹುಗಿದ ಮರದ ಮೈನುಗಳನ್ನು ಮಧ್ಯಾಹ್ನ ತೆಗೆದು, ತಂಡದ ಎಲ್ಲರೂ ಉತ್ತೀರ್ಣರಾದರು.