ಕಾರ್ಟೂನಿನಲ್ಲಿ ನಿಜ ಮುಖ ಹುಡುಕುತ್ತಿದ್ದ ಡಾಕ್ಟರ್

ಅಮೆರಿಕದ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಒಬ್ಬ ರಿಟೈರ್ಡ್ ಡಾಕ್ಟರ್. ಶನಿವಾರ ಬೆಳಿಗ್ಗೆ ನನ್ನ ಎಂಟು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಪ್ಪು-ಬಿಳುಪಿನ ಹಳೆಯ ಕಾರ್ಟೂನ್ ಹಾಕುತ್ತಿದ್ದರು. ಪರದೆಯ ಮೇಲೆ ದಪ್ಪ ಮೀಸೆಯವನೋ ಗುಂಡು ಕಣ್ಣಿನವನೋ ಎಡವಿ ಬಿದ್ದರೆ ರಿಮೋಟ್ ಒತ್ತಿ ನಿಲ್ಲಿಸಿ, "ಪುಟ್ಟಿ, ಇವನು ನಿಜವಾಗ್ಲೂ ಇದ್ದ ಕಣೆ," ಎನ್ನುವರು. ಆ ಕಾಲದ ಸಿನಿಮಾ ಹಾಸ್ಯನಟರನ್ನೇ ಚಿತ್ರಕಾರರು ಹಾಗೆ ಬರೆದಿದ್ದರಂತೆ. ಆಮೇಲೆ ಅದೇ ನಟನ ಫೋಟೋ ಫೋನಿನಲ್ಲಿ ಹುಡುಕಿ, ಮೂಗನ್ನು ಎಷ್ಟು ಎಳೆದಿದ್ದಾರೆ, ಗಲ್ಲವನ್ನು ಎಷ್ಟು ಉಬ್ಬಿಸಿದ್ದಾರೆ ಎಂದು ಬೆರಳಿನಲ್ಲಿ ಅಳೆದು ತೋರಿಸುತ್ತಿದ್ದರು.

ಒಂದು ಚಳಿಗಾಲ ಅವರ ಮುಖದ ನರ ಸೋತು, ಎಡಗಡೆ ಬಾಯಿ ಜೋತುಬಿತ್ತು. ಆ ಕಡೆಯ ಕಣ್ಣು ಮುಚ್ಚಲು ಬರುತ್ತಿರಲಿಲ್ಲ. ವಾಸಿಯಾಗುವಂಥದ್ದೇ ಎಂದು ಅವರಿಗೆ ಗೊತ್ತಿತ್ತು. ಆದರೂ ಎರಡು ವಾರ ಕಾರ್ಟೂನಿಗೆ ಕರೆಯಲಿಲ್ಲ. ಕೊನೆಗೆ ನಾವೇ ಸಾರು ತೆಗೆದುಕೊಂಡು ಹೋದೆವು. ಮಗಳು ಹೆದರಿ ನನ್ನ ಹಿಂದೆ ನಿಂತಳು. ಅವರು ಒಂದು ಕಾಗದ, ಪೆನ್ಸಿಲ್ ತೆಗೆದು ಅವಳ ಕಡೆ ಚಾಚಿದರು.

"ನನ್ನನ್ನ ಡ್ರಾ ಮಾಡು. ಇರೋದಕ್ಕಿಂತ ಜಾಸ್ತಿ ಸೊಟ್ಟ ಇರ್ಲಿ."

ಅವಳು ಬಾಯಿಯನ್ನು ಷರ್ಟಿನ ಕಾಲರ್‌ವರೆಗೆ ಇಳಿಸಿ, ಕಣ್ಣನ್ನು ತಟ್ಟೆಯಷ್ಟು ಅಗಲ ಮಾಡಿದಳು. ಅದನ್ನು ನೋಡಿ ಅವರ ಅರ್ಧ ಮುಖ ನಕ್ಕಿತು. ಅವಳೂ ನಕ್ಕಳು.

ಮೂರು ತಿಂಗಳಿಗೆ ಮುಖ ಸರಿಹೋಯಿತು. ಚಿತ್ರ ಮಾತ್ರ ಅವರ ಫ್ರಿಜ್ಜಿನ ಬಾಗಿಲ ಮೇಲೇ ಉಳಿಯಿತು. ಅದರ ಪಕ್ಕ ನಿಂತು, ಬೇಕೆಂದೇ ಬಾಯಿ ಸೊಟ್ಟ ಮಾಡಿಕೊಂಡು, "ಈಗ ಸೇಮ್ ಇದ್ಯಾ?" ಎಂದು ಕೇಳುತ್ತಿದ್ದರು.

"ನೋ ತಾತ, ಇನ್ನೂ ಡೌನ್ ಮಾಡಿ," ಎಂದು ಅವಳು ತಿದ್ದುತ್ತಿದ್ದಳು.