ಪಿತೂರಿ ಎಂದು ಬರೆದವನು ನಾನು

ಈಗಿನವರು ಪಿತೂರಿ ಎಂಬ ಪದವನ್ನು ಚಾಡಿಗೂ ಬಳಸುತ್ತಾರೆ, ಕಿತಾಪತಿಗೂ ಬಳಸುತ್ತಾರೆ. ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಚಾಡಿಗೆ ಒಂದು ಬಾಯಿ, ಒಂದು ಕಿವಿ ಸಾಕು. ಕಿತಾಪತಿ ಎಂದರೆ ಕೈ ಸುಮ್ಮನಿರದವರ ಕೆಲಸ. ನಮ್ಮಮ್ಮ ದಿನಕ್ಕೆ ನಾಲ್ಕು ಸಲ ನನ್ನನ್ನು ಹಾಗೆ ಬೈಯುತ್ತಿದ್ದಳು. ಪಿತೂರಿ ಬೇರೆ. ಒಬ್ಬನನ್ನು ಕೆಡವಬೇಕೆಂದು ಕೆಲವರು ಸೇರಿ, ಬಾಗಿಲು ಹಾಕಿಕೊಂಡು ಮಾಡುವಂಥದ್ದು ಅದು. ಈ ವ್ಯತ್ಯಾಸ ನನಗೆ ಆಗಲೇ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಬಣಕಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಹಾಜರಿ, ಕಾಗದ ಪತ್ರ ಎಲ್ಲ ನನ್ನ ಕೈಯಲ್ಲಿತ್ತು. ಅಕ್ಷರ ದುಂಡಗಿದೆ ಎಂದು ಒಡೆಯರಿಗೆ ನನ್ನ ಮೇಲೆ ಸ್ವಲ್ಪ ಪ್ರೀತಿ. ನನಗೂ ಅದರ ಜಂಬ ಕಡಿಮೆ ಇರಲಿಲ್ಲ.

ಹಣ್ಣು ಕುಯ್ಯುವ ಕಾಲದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹುಳಿ ನೀರನ್ನು ಹಳ್ಳಕ್ಕೆ ಬಿಡುತ್ತಿದ್ದರು. ಕೆಳಗಿನ ಲೈನ್ ಮನೆಗಳ ಆಳುಗಳು ಕುಡಿಯುತ್ತಿದ್ದುದು ಅದೇ ಹಳ್ಳದ ನೀರು. ಆ ವರ್ಷ ಮಕ್ಕಳಿಗೆ ವಾಂತಿ ಹಿಡಿಯಿತು. ಲೈನಿನ ಒಬ್ಬ ಆಳು, ಮರ ಹತ್ತಿ ಕಾಫಿ ಗಿಡದ ಮೇಲಿನ ನೆರಳಿನ ಕೊಂಬೆ ಸವರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಬೆಳಿಗ್ಗೆ ಹಾಜರಿಯ ಹೊತ್ತಿಗೆ ಎಲ್ಲರೆದುರು ಒಡೆಯರ ಮುಂದೆ ಬಂದು ನಿಂತ.

“ಅಯ್ಯಾ, ಆ ನೀರು ಬೇರೆ ಕಡೆ ತಿರುಗ್ಸಿದ್ರೆ ಸಾಕು. ಕಾಲುವೆ ನಾವೇ ತೆಗೀತೀವಿ” ಎಂದ. ಹಿಂದಿದ್ದ ನಾಲ್ಕೈದು ಜನ ತಲೆಯಾಡಿಸಿದರು. ನಡೆದದ್ದು ಅಷ್ಟೇ.

ಒಡೆಯರು ಹಾಜರಿ ಮುಂದುವರಿಸುವಂತೆ ನನಗೆ ಸನ್ನೆ ಮಾಡಿದರು. ಕುಯ್ಲು ಮುಗಿಯುವವರೆಗೆ ಕಾದು ಅವನನ್ನು ಕೆಲಸದಿಂದ ಬಿಡಿಸಿದರು. ಒಂದು ತೋಟ ಬಿಟ್ಟವನನ್ನು ಇನ್ನೊಂದು ತೋಟದವರು ಸೇರಿಸಿಕೊಳ್ಳಬೇಕಾದರೆ ನಮ್ಮ ಸುತ್ತಿನಲ್ಲಿ ಹಳೆಯ ಒಡೆಯರ ಚೀಟಿ ಬೇಕಿತ್ತು. ಒಡೆಯರು ಆಫೀಸಿನ ಬಾಗಿಲು ಮುಚ್ಚಿಸಿ, “ಪಿತೂರಿ ಮಾಡೋ ಆಳು ಅಂತ ಬರೀರಿ ಮಾರಾಯ್ರೆ. ಬೇರೆ ತೋಟದೋರು ಹುಷಾರಾಗಿರ್ಲಿ” ಎಂದರು. ಪಕ್ಕದಲ್ಲಿದ್ದ ಆಳುಗಳ ಮೇಸ್ತ್ರಿ ನಕ್ಕ. ಮೂರು ಜನ, ಮುಚ್ಚಿದ ಬಾಗಿಲು. ಆ ತೋಟದಲ್ಲಿ ನಡೆದ ಪಿತೂರಿ ಇದೊಂದೇ ಎಂದು ನನಗೆ ಅಲ್ಲೇ ಹೊಳೆಯಿತು. ಹೊಳೆದರೇನು, ಕೈ ಬರೆಯುತ್ತಲೇ ಇತ್ತು.

ಅವನಿಗೆ ಓದು ಬಾರದು. ಚೀಟಿಯನ್ನು ಕಣ್ಣಿಗೊತ್ತಿಕೊಂಡು, ಎಲೆಯಡಿಕೆ ಚೀಲದಲ್ಲಿಟ್ಟುಕೊಂಡು, ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೊರಟ.

ಮಳೆ ಹಿಡಿಯುವ ಮೊದಲು ಒಬ್ಬನೇ ತಿರುಗಿ ಬಂದ. ಕಳಸ, ಸಂಸೆ ಎಲ್ಲ ಸುತ್ತಿದ್ದನಂತೆ. ಹೋದಲ್ಲೆಲ್ಲ ರೈಟರುಗಳು ಚೀಟಿ ಓದಿ, ಇವನ ಮುಖ ನೋಡಿ, ಕೆಲಸ ಇಲ್ಲ ಎಂದರಂತೆ. ಅದರಲ್ಲಿ ಏನಿದೆಯೆಂದು ಒಬ್ಬನೂ ಹೇಳಿರಲಿಲ್ಲ, ಅವರೂ ನನ್ನಂಥವರೇ. ಚಿಕ್ಕ ಮಗು ದಾರಿಯಲ್ಲಿ ಜ್ವರ ಬಂದು ತೀರಿಕೊಂಡಿತ್ತು. ಹೆಂಡತಿಯೂ ಜ್ವರದಲ್ಲಿ ಕಳಸದ ಯಾರದೋ ಜಗಲಿಯಲ್ಲಿ ಮಲಗಿದ್ದಳು, ದೊಡ್ಡ ಮಗು ಅವಳ ಹತ್ತಿರವಿತ್ತು. ಇದನ್ನೆಲ್ಲ ಅವನು ದೂರುವ ಹಾಗೆ ಹೇಳಲಿಲ್ಲ.

“ಬೆವರು ತಾಗಿ ಅಕ್ಷರ ಅಳಿಸಿರ್ಬೇಕು ರೈಟ್ರೆ. ಯಾರಿಗೂ ಸರಿ ಓದಕ್ಕೆ ಆಗ್ತಿಲ್ಲ ಕಾಣ್ತದೆ. ಹೊಸದೊಂದು ಬರ್ಕೊಡಿ” ಎಂದ.

ಒಂದಕ್ಷರವೂ ಅಳಿಸಿರಲಿಲ್ಲ. ಒಡೆಯರು ಒಳಗೇ ಇದ್ದರು. ಅವರ ರುಜು ಇಲ್ಲದ ಚೀಟಿಗೆ ಬೆಲೆಯಿಲ್ಲ. ಮಾತು ಬದಲಾಯಿಸಿದರೆ ಅವನ ಹಿಂದೆ ನಾನೂ ನಡೆಯಬೇಕು. ಆದರೆ ಇದನ್ನು ಹರಿದು ಹಾಕು, ಘಟ್ಟ ಇಳಿದು ಚೀಟಿ ಕೇಳದ ಕಡೆ ಹೋಗು ಎಂದು ಅವನ ಕಿವಿಯಲ್ಲಿ ಹೇಳಬಹುದಿತ್ತು. ಅದಕ್ಕೆ ಯಾರ ರುಜುವೂ ಬೇಕಿರಲಿಲ್ಲ. ಹೊಸ ಹಾಳೆ ತೆಗೆದು ಅದೇ ಮಾತನ್ನು ಇದ್ದಂತೆಯೇ ಬರೆದೆ. ರುಜು ಮಾಡಿಸಿ ತಂದು ಕೊಟ್ಟೆ.

ಅವನು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಬಾಬಾಬುಡನ್‌ಗಿರಿ ಕಡೆಯ ತೋಟಗಳಲ್ಲಿ ಕೇಳಿ ನೋಡುತ್ತೇನೆಂದ. ಆಮೇಲೆ ಕೈಮುಗಿದು, “ಈ ಸರ್ತಿ ಚೆಂದ ಬಂದದೆ ರೈಟ್ರೆ. ನಿಮ್ಮ ಮಕ್ಳು ಚೆನ್ನಾಗಿರ್ಲಿ” ಎಂದು ಹೇಳಿ ಹೊರಟ.