ಎಲ್ಲರಿಗೂ 120/80

2003ರಲ್ಲಿ ನಾನು ಹೊನ್ನಾವರದ ಒಂದು ನರ್ಸಿಂಗ್ ಸ್ಕೂಲಿನಲ್ಲಿ ಟ್ಯೂಟರ್ ಆಗಿದ್ದೆ. ನನ್ನ ಬಾಯಿ ಬಲು ಜೋರು ಎಂದು ಹೆಸರಿತ್ತು, ಅದು ಸುಳ್ಳೂ ಅಲ್ಲ. ವಾರ್ಡಿನಲ್ಲಿ ಸಲೀಸಾಗಿ ಕೆಲಸ ಮಾಡುವ ಹುಡುಗಿಯರು ಪ್ರಾಕ್ಟಿಕಲ್ ಪರೀಕ್ಷೆ ಎಂದೊಡನೆ ಕಂಗಾಲಾಗುತ್ತಿದ್ದರು. ಬಿ.ಪಿ. ನೋಡಲು ಹೇಳಿದರೆ ಎಲ್ಲ ರೋಗಿಗಳದ್ದೂ 120/80!

ಬಿ.ಪಿ. ನೋಡುವಾಗ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ಮೊಣಕೈ ಸಂದಿಗೆ ಸ್ಟೆತಾಸ್ಕೋಪ್ ಇಟ್ಟು ಮೆಲ್ಲನೆ ಗಾಳಿ ಬಿಡಬೇಕು. ಬಡಿತ ಕೇಳತೊಡಗಿದಾಗಿನ ಅಂಕಿ ಮೇಲಿನದು, ನಿಂತಾಗಿನದು ಕೆಳಗಿನದು. ಹೆದರಿದವರಿಗೆ ತಮ್ಮ ಎದೆಬಡಿತವೇ ಕಿವಿ ತುಂಬುತ್ತದೆ. ಆಗ ಆರೋಗ್ಯವಂತರದ್ದೆಂದು ಪುಸ್ತಕದಲ್ಲಿರುವ ಅಂಕಿ, 120/80, ಬರೆದುಬಿಡುತ್ತಾರೆ.

ಪಕ್ಕದ ಕಾಸರಕೋಡದ ನಾಗವೇಣಿ ಎಂಬ ಹುಡುಗಿ ಆ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದಳು. ಮೀನು ಒಣಗಿಸಿ ಅವಳನ್ನು ಓದಿಸುತ್ತಿದ್ದ ತಾಯಿ, ಈ ಸಲವೂ ಆಗದಿದ್ದರೆ ಓದು ಬಿಟ್ಟು ತನ್ನ ಸಂಗಡ ಕೆಲಸಕ್ಕೆ ಬಾ ಎಂದಿದ್ದರು. ಮರುಪರೀಕ್ಷೆಗೆ ವಾರವಿರುವಾಗ ಅವಳೂ 120/80 ಬರೆದಳು. ಅಂದು ನಾನು ಬೇಕೆಂದೇ ಸ್ಟೆತಾಸ್ಕೋಪಿನ ಕೊಳವೆಗೆ ಹತ್ತಿ ತುರುಕಿ ಕೊಟ್ಟಿದ್ದೆ. ಹತ್ತಿ ತೆಗೆದು ತೋರಿಸಿದಾಗ ಅವಳ ಕಣ್ಣು ತುಂಬಿತು.

"ಎಂತದೂ ಕೇಳ್ಲಿಲ್ಲ ಮೇಡಂ. ಕೇಳ್ಲಿಲ್ಲ ಹೇಳಿದ್ರೆ ನೀವು ಬೈತ್ರಿ."

ನಿಜಕ್ಕೂ ನಾಚಿಕೆಯಾಯಿತು. ಹಾಗೆ ಹೇಳಿದವರಿಗೆಲ್ಲ ನಾನು ಮಂಗಳಾರತಿ ಎತ್ತಿದ್ದು ಸುಳ್ಳಲ್ಲವಲ್ಲ. ಮರುದಿನದಿಂದ ಪದ್ಧತಿ ಬದಲಿಸಿದೆ. ಪ್ರತಿಯೊಬ್ಬಳೂ ದಿನಕ್ಕೆ ಹತ್ತು ಸಲ ನನ್ನೆದುರು ನಿಂತು, ಕೇಳಲಿಲ್ಲ, ಮತ್ತೊಮ್ಮೆ ನೋಡುತ್ತೇನೆ ಎಂದು ಗಟ್ಟಿಯಾಗಿ ಹೇಳಬೇಕು. ಆಮೇಲೆ ಪಟ್ಟಿಯ ಗಾಳಿ ಪೂರ್ತಿ ಬಿಟ್ಟು, ಒಂದು ನಿಮಿಷ ಸುಮ್ಮನಿದ್ದು ಮತ್ತೆ ನೋಡಬೇಕು. ಮೊದಲ ದಿನ ಕಿಸಕ್ಕನೆ ನಕ್ಕರು. ನಾಲ್ಕನೆಯ ದಿನದ ಹೊತ್ತಿಗೆ ನಗದೆ ಹೇಳತೊಡಗಿದರು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದರು. ರೋಗಿ, ಕಾಲಿನ ಗಾಯಕ್ಕೆ ದಾಖಲಾಗಿದ್ದ ಮಾವಿನಕುರ್ವೆಯ ಅಜ್ಜಿ. ನಾಗವೇಣಿಗಿಂತ ಮೊದಲು ನಮ್ಮವರೇ ಇಬ್ಬರು 120/80 ಬರೆದು ಹೋಗಿದ್ದರು. ನಾನು ತುಟಿ ಬಿಚ್ಚುವಂತಿರಲಿಲ್ಲ. ನಾಗವೇಣಿ ಗಾಳಿ ತುಂಬಿದಳು, ಬಿಟ್ಟಳು, ತಲೆಯೆತ್ತಿದಳು.

"ಕೇಳ್ಲಿಲ್ಲ ಸರ್. ಮತ್ತೊಂದ್ ಸಲ ನೋಡ್ತೆ."

ಅವರು ಹುಬ್ಬು ಗಂಟಿಕ್ಕಿದರು. ಅವಳು ನಿಮಿಷ ಕಾದು, ಮತ್ತೆ ನೋಡಿ 190/110 ಎಂದು ಬರೆದಳು. ತಪ್ಪಾಗಿದೆ, ಇಬ್ಬರು ಆಗಲೇ ನೋಡಿದ್ದಾರಲ್ಲ ಎಂದು ಅವರು ಗದರಿದರು. ನಾಗವೇಣಿ ಸ್ಟೆತಾಸ್ಕೋಪನ್ನು ಅವರತ್ತ ಚಾಚಿದಳು.

"ನೀವೇ ನೋಡಿ ಸರ್."

ಅವರು ನೋಡಿದರು, ಇನ್ನೊಮ್ಮೆ ನೋಡಿದರು. ಅಂಕ ಬರೆಯುವ ಮೊದಲು ಡಾಕ್ಟರನ್ನು ಕರೆಸಿದರು. ಅಜ್ಜಿಗೆ ಅಂದೇ ಮಾತ್ರೆ ಶುರುವಾಯಿತು. ನಾಗವೇಣಿ ಪಾಸಾದಳು. ಉಳಿದಿಬ್ಬರು ಸಂಜೆ ಬಂದು ತಮಗೂ ಏನೂ ಕೇಳಿರಲಿಲ್ಲ ಎಂದು ಒಪ್ಪಿಕೊಂಡರು. ಬೈಗುಳ ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡೆ.

ಪರೀಕ್ಷೆಗೆ ಹೆದರಬೇಡ ಎಂದು ನಾನು ವರ್ಷಗಟ್ಟಲೆ ಹೇಳಿದ್ದೆ, ಒಬ್ಬಳ ಭಯವೂ ಹೋಗಿರಲಿಲ್ಲ. ತನಗೆ ಗೊತ್ತಾಗಲಿಲ್ಲ ಎಂದು ಹೇಳಿಯೂ ಬೈಸಿಕೊಳ್ಳದೆ ಉಳಿಯಬಹುದು ಎಂಬ ನಂಬಿಕೆ ಬಂದ ಮೇಲೆಯೇ ಆ ಹುಡುಗಿಯರ ಕಿವಿ ತೆರೆದದ್ದು.